ರೂಪದ ಆಸೆಯೂ ಅಪರೂಪದ ಅಪಾಯವೂ

ಮನುಷ್ಯನು ತನ್ನ ಕೈಯನ್ನು ತಾನು ಕಾಣಬಲ್ಲನು, ಕಾಲನ್ನು ಕಾಣಬಲ್ಲನು. ಮುಖವನ್ನು ಮಾತ್ರ ತಾನಾಗಿ ಕಾಣಲಾರನು. ಅದನ್ನು ಕಾಣಬೇಕಾದರೆ ಕನ್ನಡಿಯಾದರೂ ಬೇಕು, ಇನ್ನೊಬ್ಬರ ಕಣ್ಣಾದರೂ ಬೇಕು. ಆದುದರಿಂದಲೇ ಮುಖದ ವಿಷಯದಲ್ಲಿ ಅವನು ಪರರ ಮಾತಿಗೆ ಬಹುಬೇಗ ಅಧೀನನಾಗುತ್ತಾನೆ. ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಕನ್ನಡಿ ಕಾಯಕದ ಅಮ್ಮಿದೇವಯ್ಯನೆಂಬವನೊಬ್ಬನುಂಟು. ಇನ್ನೊಬ್ಬರ ಮುಂದೆ ಕನ್ನಡಿ ಹಿಡಿಯುವ ಕೆಲಸವೂ ಅಲ್ಲಿ ಒಂದು ಕಾಯಕವೆನಿಸಿತು. ಕನ್ನಡಿಯ ಧರ್ಮವು ಇದ್ದುದನ್ನು ಇದ್ದಂತೆ ತೋರುವುದು. ಅದು ಹೊಗಳುವುದಿಲ್ಲ, ಹಳಿಯುವುದಿಲ್ಲ, ಪಕ್ಕದ ಮನೆಯ ಮುಖದೊಡನೆ ಹೋಲಿಸುವುದೂ ಇಲ್ಲ.

ಈ ಕಾಲದಲ್ಲಿ ಕನ್ನಡಿಯ ಸ್ಥಾನವನ್ನು ಬೇರೆ ವಸ್ತುಗಳು ಆಕ್ರಮಿಸಿವೆ. ಮೊಬೈಲು ಫೋನು ತೋರುವ ಚಿತ್ರದಲ್ಲಿ ಕಲೆಗಳು ಮಾಯವಾಗುತ್ತವೆ, ಚರ್ಮವು ನುಣುಪಾಗುತ್ತದೆ, ಬಣ್ಣವು ತಿಳಿಯಾಗುತ್ತದೆ. ಆ ಚಿತ್ರದಂತೆ ನಿಜವಾದ ಮುಖವೂ ಆಗಲೆಂದು ಬಯಸುವವರಿಗೆ ಸಾಧನಗಳೂ ಒದಗಿವೆ. ರಾಸಾಯನಿಕ ದ್ರವದಿಂದ ಮೇಲ್ಪದರವನ್ನು ಸುಲಿಯುವುದು, ಲೇಸರ್ ಕಿರಣದಿಂದ ಕಲೆಯನ್ನು ಸುಡುವುದು, ಫಿಲ್ಲರ್ ಎಂಬ ತುಂಬುವ ದ್ರವ್ಯವನ್ನು ಸೂಜಿಯಿಂದ ಚುಚ್ಚಿ ಗುಳಿಬಿದ್ದ ಕೆನ್ನೆಯನ್ನು ಉಬ್ಬಿಸುವುದು, ಹೀಗೆ ಇವು ನಾನಾ ವಿಧವಾಗಿವೆ. ಯೋಗ್ಯರಾದ ವೈದ್ಯರ ಕೈಯಲ್ಲಿ ಇವುಗಳಿಂದ ಭಾರಿ ಕೇಡಾಗುವುದು ಅಪರೂಪ. ಆದರೆ ಅಪರೂಪವೆಂದರೆ ಇಲ್ಲವೆಂದು ಅರ್ಥವಲ್ಲ. ರೋಗವಿಲ್ಲದ ಮುಖಕ್ಕೆ ಚಿಕಿತ್ಸೆ ಮಾಡಿಸಿಕೊಂಡು ಚರ್ಮವು ಕೆಟ್ಟಾಗ ತಪ್ಪು ಯಾರದು? ‘ಅಪರೂಪ’ ಎಂಬ ಮಾತು ಅಂಥವರಿಗೆ ಸಮಾಧಾನವಾದೀತೆ? ಗೃಹಸ್ಥರು ವಿಚಾರಿಸಬೇಕಾದ ಪ್ರಶ್ನೆಗಳಿವು.

ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಹೋಗುವ ದಾರಿಯಲ್ಲಿ ಸಂತೆಮರಹಳ್ಳಿ ಇದೆ. ಊರಿನ ಹೆಸರಿನಲ್ಲಿಯೇ ಸಂತೆಯಿದೆ. ಸಂತೆಯ ಧರ್ಮವು ಎಲ್ಲರಿಗೂ ತಿಳಿದುದೇ. ಎತ್ತನ್ನು ಕೊಳ್ಳುವವನು ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಆಮೇಲೆ ಬೆಲೆ ಕಟ್ಟುತ್ತಾನೆ. ಅಲ್ಲಿ ಅದು ಸಲ್ಲುತ್ತದೆ. ಆದರೆ ಅದೇ ಕಣ್ಣು ಸಂತೆಯಿಂದ ಎದ್ದು ಮನೆಯ ಪಡಸಾಲೆಗೆ ಬಂದು ಕುಳಿತಾಗ ಏನಾಗುತ್ತದೆಂಬುದನ್ನು ಇಂಥ ಊರಿನ ಒಂದು ಸಾಮಾನ್ಯ ಸಂಸಾರದಲ್ಲಿ ಊಹಿಸಿಕೊಳ್ಳಬಹುದು. ಮಗಳು ಓದಿದವಳು, ಕೆಲಸದಲ್ಲಿ ಚುರುಕಾದವಳು. ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಅಂಗಳಕ್ಕಿಳಿದ ಮೇಲೆ ಒಬ್ಬಾಕೆ ಹೇಳುತ್ತಾಳೆ: “ಹುಡುಗಿ ಲಕ್ಷಣವಾಗವ್ಳೆ, ಬಣ್ಣ ಒಂದು ವಸಿ ಕಮ್ಮಿ.” ಮಾತು ಅಷ್ಟೇ. ಹೇಳಿದವಳು ಬಸ್ಸು ಹತ್ತುವ ಮೊದಲೇ ಅದನ್ನು ಮರೆಯುತ್ತಾಳೆ, ಕೇಳಿದವಳು ಮರೆಯುವುದಿಲ್ಲ. ಮುಂದಿನ ಸಂಬಂಧವು ಬರುವುದರೊಳಗಾಗಿ ಪೇಟೆಯ ಅಂಗಡಿಯ ಕ್ರೀಮು, ಅನಂತರ ಬ್ಯೂಟಿ ಪಾರ್ಲರು, ಅದೂ ಸಾಲದೆ ನಗರದ ಯಾವುದೋ ಮಾಳಿಗೆಯ ಮೇಲಿನ ‘ಸ್ಕಿನ್ ಕ್ಲಿನಿಕ್ಕು’. ಮೊದಲ ವಾರ ಮುಖವು ತಿಳಿಯಾದಂತೆ ತೋರುತ್ತದೆ. ಮೂರನೆಯ ವಾರ ಕೆನ್ನೆಯು ಕೆಂಪೇರಿ ಉರಿಯುತ್ತದೆ. ಎರಡನೆಯ ತಿಂಗಳು ಮೊದಲಿಲ್ಲದ ಕಪ್ಪು ಪಟ್ಟೆಗಳು ಎದ್ದು ನಿಲ್ಲುತ್ತವೆ. ಆಗ ಆಕೆಯನ್ನು ನೋಡಿ ಜನರು ಆಡುವ ಮಾತು ಇನ್ನೊಂದು: “ಇರೋ ಮುಖವ ಕೆಡಿಸ್ಕೊಂಡ್ಳು.” ಬಣ್ಣ ಕಡಮೆಯೆಂದವರೂ ಅವರೇ, ಕೆಡಿಸಿಕೊಂಡಳೆಂದವರೂ ಅವರೇ.

ಇಂಥ ಕೇಡು ಹೇಗೆ ಒದಗುತ್ತದೆಂಬುದನ್ನು ಮೊದಲು ಅರಿಯಬೇಕು. ಚರ್ಮವು ಮೈಗೆ ಹೊದಿಸಿದ ಬಟ್ಟೆಯಲ್ಲ. ಅದೊಂದು ಜೀವಂತವಾದ ಅಂಗ. ಕಂದುಬಣ್ಣದ ಚರ್ಮಕ್ಕೆ ಒಂದು ಸ್ವಭಾವವಿದೆ: ಸುಟ್ಟರೂ ಉಜ್ಜಿದರೂ ಕೆರಳಿಸಿದರೂ ಅದು ತನ್ನ ರಕ್ಷಣೆಗಾಗಿ ಇನ್ನಷ್ಟು ಕಪ್ಪುದ್ರವ್ಯವನ್ನು ಉತ್ಪಾದಿಸುತ್ತದೆ. ಆದುದರಿಂದ ಬಿಳುಪಿಗಾಗಿ ಮಾಡಿದ ಲೇಸರ್ ಚಿಕಿತ್ಸೆಯೂ ಸುಲಿಯುವ ಚಿಕಿತ್ಸೆಯೂ ಪ್ರಮಾಣ ತಪ್ಪಿದಲ್ಲಿ ಕಪ್ಪನ್ನೇ ಹೆಚ್ಚಿಸುತ್ತವೆ. ಕೆಲವರ ಮೈಯಲ್ಲಿ ಗಾಯವು ಮಾದರೂ ಕಲೆಯು ಗಂಟುಗಟ್ಟಿ ಬೆಳೆಯುತ್ತದೆ. ಫಿಲ್ಲರಿನ ಅಪಾಯವು ಇನ್ನೂ ತೀವ್ರವಾದುದು. ಮೂಗು, ಹುಬ್ಬುಗಳ ನಡುವೆ, ಮೂಗಿನ ಪಕ್ಕದ ಗೆರೆ, ಈ ಸ್ಥಳಗಳಲ್ಲಿ ರಕ್ತನಾಳಗಳು ಸೂಕ್ಷ್ಮವಾಗಿ ಹೆಣೆದುಕೊಂಡಿವೆ. ಸೂಜಿಯ ಮೊನೆ ನಾಳದೊಳಗೆ ಹೊಕ್ಕು ದ್ರವ್ಯವು ಅಲ್ಲಿ ಅಡ್ಡಗಟ್ಟಿದರೆ ಮುಂದಿನ ಚರ್ಮಕ್ಕೆ ರಕ್ತವು ಹರಿಯುವುದಿಲ್ಲ. ಮೊದಲು ಬಿಳಿಚಿಕೊಂಡು, ಆಮೇಲೆ ಬಲೆಯಂಥ ನೀಲಿ ಗೆರೆಗಳು ಮೂಡಿ, ಕಡೆಗೆ ಆ ಭಾಗವು ಕರಿಕಾಗಿ ಸಾಯುತ್ತದೆ. ಆ ದ್ರವ್ಯವು ಕಣ್ಣಿನ ನಾಳವನ್ನು ಸೇರಿದರೆ ದೃಷ್ಟಿಯೇ ಹೋಗುವುದುಂಟು. ಈಗ ಹೆಚ್ಚಾಗಿ ಬಳಸುವ ಬಗೆಯ ಫಿಲ್ಲರನ್ನು ಕರಗಿಸುವ ಮದ್ದು ಇದೆ. ಆದರೆ ಅದನ್ನು ಕೆಲವು ಗಂಟೆಗಳೊಳಗೆ ಕೊಟ್ಟರೆ ಫಲವು ಹೆಚ್ಚು. ನಾಚಿಕೆಯಿಂದ ನಾಳೆಗೆ ತಳ್ಳಿದರೆ ಸಾಧ್ಯವಿದ್ದುದೂ ಕೈತಪ್ಪುತ್ತದೆ.

ಇದು ಇಂದಿನ ಕಥೆಯೊಂದೇ ಅಲ್ಲ. 1899ರಲ್ಲಿ ವಿಯೆನ್ನ ನಗರದ ಗೆರ್ಸುನಿ ಎಂಬ ಶಸ್ತ್ರವೈದ್ಯರು ಪ್ಯಾರಫಿನ್ ದ್ರವ್ಯವನ್ನು ಮೈಯೊಳಕ್ಕೆ ಚುಚ್ಚುವ ಕ್ರಮವನ್ನು ತೊಡಗಿಸಿದರು. ಬೇಗನೆ ಅದು ಮುಖದ ಸುಕ್ಕುಗಳಿಗೂ ತಗ್ಗಿದ ಮೂಗುಗಳಿಗೂ ಹಬ್ಬಿತು. ಮೊದಲು ಎಲ್ಲರೂ ಮೆಚ್ಚಿದರು. ವರ್ಷಗಳು ಉರುಳಿದ ಮೇಲೆ ಆ ಮೇಣವು ಜಾರಿ, ಗಂಟುಗಂಟಾಗಿ, ಹುಣ್ಣಾಗಿ ಹೊರಬಿತ್ತು. 1975ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು ಮತ್ತೊಂದು ವಿಚಿತ್ರವನ್ನು ವರ್ಣಿಸಿದರು: ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್ ಲೇಪವನ್ನು ಬಹುಕಾಲ ಹಚ್ಚಿದವರ ಮುಖದಲ್ಲಿ ನೀಲಿಗಪ್ಪಿನ, ಸುಲಭವಾಗಿ ಹೋಗದ ಕಲೆಗಳು. ಭಾರತದಲ್ಲಿ ಬಿಳುಪಿನ ಕ್ರೀಮೊಂದು ಹೆಸರುವಾಸಿಯಾಗಿ ಮಾರುಕಟ್ಟೆಗೆ ಬಂದುದೂ ಅದೇ 1975ರಲ್ಲಿಯೇ. 2020ರಲ್ಲಿ ಅದರ ಹೆಸರಿನಿಂದ ‘ಫೇರ್’ ಎಂಬ ಪದವನ್ನು ತೆಗೆದುಹಾಕಿದರು. ಜನರ ಮನಸ್ಸಿನಿಂದ ಅದು ಹೋಯಿತೆಂದು ಹೇಳಲಾಗದು. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ, ಪರವಾನಗಿಯಿಲ್ಲದ ಸೌಂದರ್ಯಾಲಯವೊಂದರಲ್ಲಿ ರಕ್ತದ ಅಂಶವನ್ನು ಸೂಜಿಗಳಿಂದ ಮುಖಕ್ಕೆ ಚುಚ್ಚಿಸಿಕೊಂಡ ಮೂವರು ಸ್ತ್ರೀಯರಿಗೆ ಅಲ್ಲಿಂದಲೇ ಎಚ್‌ಐವಿ ಸೋಂಕು ತಗುಲಿರಬಹುದೆಂದು ಆ ದೇಶದ ಆರೋಗ್ಯ ಇಲಾಖೆಯು 2024ರಲ್ಲಿ ವರದಿ ಮಾಡಿತು.

ದೂರದ ಮಾತು ಬೇಡವೆನ್ನುವವರು ಹತ್ತಿರದ್ದನ್ನೇ ನೋಡಬಹುದು. ಗುಂಡ್ಲುಪೇಟೆಯಿಂದ ಬಂಡೀಪುರವನ್ನೂ ಗೂಡಲೂರನ್ನೂ ದಾಟಿ ಘಟ್ಟವಿಳಿದರೆ ಸಿಗುವುದು ಕೇರಳದ ಮಲಪ್ಪುರಂ ಜಿಲ್ಲೆ. ಅಲ್ಲಿನ ಕೊಟ್ಟಕ್ಕಲ್ಲಿನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ತಾವು ಕಂಡ ಒಂದು ಜಾತಿಯ ಮೂತ್ರಪಿಂಡ ರೋಗದ 22 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಆ ರೋಗದಲ್ಲಿಯೇ ವಿರಳವಾದ ಒಂದು ಬಗೆ ಇದ್ದಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕ್ರೀಮುಗಳಲ್ಲಿನ ಪಾದರಸವು ಚರ್ಮವನ್ನು ದಾಟಿ ಒಳಗಿನ ಅಂಗವನ್ನು ಕೆಡಿಸಿತ್ತು. ಬಹಿರಂಗಕ್ಕೆ ಬಳಿದುದು ಅಂತರಂಗವನ್ನು ಮುಟ್ಟದೆ ಬಿಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ನೇರವಾದ ದೃಷ್ಟಾಂತವು ಬೇಕಿಲ್ಲ. ಇನ್ನು ಭಾರತದ 12 ಚರ್ಮಚಿಕಿತ್ಸಾ ಕೇಂದ್ರಗಳಲ್ಲಿ ಮುಖದ ಚರ್ಮರೋಗವೆಂದು ಬಂದ 2926 ಮಂದಿಯನ್ನು ವಿಚಾರಿಸಿದಾಗ 433 ಮಂದಿ ಸ್ಟೀರಾಯ್ಡ್ ಲೇಪವನ್ನು ಮುಖಕ್ಕೆ ಹಚ್ಚುತ್ತಿದ್ದರೆಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಸಲಹೆ ಬಂದುದು ವೈದ್ಯರಲ್ಲದವರಿಂದ. ಅದನ್ನು ಬಹುದಿನ ಹಚ್ಚಿದರೆ ಚರ್ಮವು ಈರುಳ್ಳಿಯ ಸಿಪ್ಪೆಯಂತೆ ತೆಳ್ಳಗಾಗುತ್ತದೆ, ನಾಳಗಳು ಕೆಂಪಗೆ ತೋರುತ್ತವೆ, ಮೊಡವೆಯೂ ಬೇಡದ ಕೂದಲೂ ಹುಟ್ಟುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಕೇಡು ಎಂಬ ಸ್ಥಿತಿಯುಂಟಾಗುತ್ತದೆ. 2018ರಲ್ಲಿ ಸರ್ಕಾರವು ಇಂಥ 14 ಔಷಧಿಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಅಪರೂಪವೆನಿಸುವ ಕೇಡುಗಳಲ್ಲಿ ಎಷ್ಟೋ ವಾಸ್ತವವಾಗಿ ಅಪರೂಪವಲ್ಲ; ಹೇಳಿಕೊಳ್ಳಲು ನಾಚಿ ಮನೆಯೊಳಗೆ ಕುಳಿತವರು ಎಣಿಕೆಗೆ ಸಿಕ್ಕಿಲ್ಲ, ಅಷ್ಟೆ.

ಇಷ್ಟನ್ನು ಕೇಳಿದ ಕೆಲವರು ಥಟ್ಟನೆ ತೀರ್ಪು ಕೊಟ್ಟುಬಿಡುವರು: ದೇವರು ಕೊಟ್ಟ ಮುಖವನ್ನು ತಿದ್ದಹೊರಡುವುದೇ ತಪ್ಪು, ತಪ್ಪಿಗೆ ತಕ್ಕ ಫಲವಾಯಿತೆಂದು. ಈ ತೀರ್ಪು ಸುಲಭವಾದುದು, ಆದರೆ ನ್ಯಾಯವಾದುದಲ್ಲ. ಮುಖವನ್ನು ತಿದ್ದುವ ವಿದ್ಯೆಯ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕೋವಾಸಜಿ ಎಂಬ ಮರಾಠಿಗನು ಟೀಪುವಿನವರ ಸೆರೆಗೆ ಸಿಕ್ಕಿದನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳುಹಿಸಿದರು. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಅವನಿಗೆ ಪುಣೆಯ ಬಳಿ ಒಬ್ಬ ಕುಶಲಿಯು ಹೊಸ ಮೂಗನ್ನು ಮಾಡಿಕೊಟ್ಟನು. ಮೇಣದ ತೆಳುಹಾಳೆಯಿಂದ ಮೂಗಿನ ಅಚ್ಚು ತೆಗೆದು, ಅದನ್ನು ಹಣೆಯ ಮೇಲೆ ಹರಡಿ, ಆ ಆಕಾರಕ್ಕೆ ಚರ್ಮವನ್ನು ಬಿಡಿಸಿ, ಬುಡವನ್ನು ಕಡಿಯದೆ ಕೆಳಕ್ಕೆ ತಿರುಗಿಸಿ ಕೂಡಿಸಿದನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತವಾಗಿ ಅಚ್ಚಾಯಿತು. ಅದನ್ನು ಓದಿ ತಿಳಿದ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಅಲ್ಲಿಯೂ ಅದನ್ನು ಮಾಡಿ ತೋರಿಸಿದರು. ಆ ಕುಶಲಿಯು ದೊಡ್ಡ ಪದವಿಯವನಲ್ಲ, ಕೈಕೆಲಸದ ಕುಲದವನು. ಅವನು ಮಾಡಿದುದನ್ನು ಯಾವ ಶರಣನಾದರೂ ಕಾಯಕವಲ್ಲವೆಂದಾನೆ? ಸೀಳುತುಟಿಯ ಕೂಸಿಗೆ, ಸುಟ್ಟ ಮುಖದವರಿಗೆ, ಆಮ್ಲದ ದಾಳಿಗೆ ಸಿಕ್ಕವರಿಗೆ ಮುಖವನ್ನು ಮರಳಿ ಕೊಡುವ ವೈದ್ಯನು ಮಹೋಪಕಾರಿ. ಆದುದರಿಂದ ಪ್ರಶ್ನೆಯು ಮುಖವನ್ನು ತಿದ್ದಬಹುದೇ ಎಂಬುದಲ್ಲ. ಯಾವುದಕ್ಕಾಗಿ ಎಷ್ಟು ಅಪಾಯವನ್ನು ಹೊರಬಹುದೆಂಬುದು.

ಇಲ್ಲಿ ತಕ್ಕಡಿಯ ದೃಷ್ಟಾಂತವು ಪ್ರಯೋಜನಕಾರಿ. ಯಾವ ಚಿಕಿತ್ಸೆಯಲ್ಲಿಯೂ ಅಪಾಯವಿದ್ದೇ ಇದೆ. ಕರುಳುಬೇನೆಯವನು ಶಸ್ತ್ರಚಿಕಿತ್ಸೆಗೆ ಒಪ್ಪುವಾಗ ಒಂದು ತಟ್ಟೆಯಲ್ಲಿ ಚಿಕಿತ್ಸೆಯ ಅಪಾಯವಿರುತ್ತದೆ; ಇನ್ನೊಂದರಲ್ಲಿ ರೋಗದ ಅಪಾಯವಿರುತ್ತದೆ. ರೋಗದ ತಟ್ಟೆ ತೂಗಿದರೆ ಅಪರೂಪದ ಕೇಡಿಗೆ ಹೆದರಿ ಹಿಂಜರಿಯುವುದು ಅವಿವೇಕ. ಭಾರತದ ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯ ತೀರ್ಪಿನಲ್ಲಿ ರೋಗಿಯ ಒಪ್ಪಿಗೆಯೆಂದರೇನೆಂಬುದನ್ನು ಬಿಡಿಸಿ ಹೇಳಿತು. ಚಿಕಿತ್ಸೆಯ ಸ್ವರೂಪ, ಅದರ ಪ್ರಯೋಜನ, ಬೇರೆ ದಾರಿಗಳು, ಮುಖ್ಯವಾದ ಅಪಾಯಗಳು, ಚಿಕಿತ್ಸೆಯನ್ನು ನಿರಾಕರಿಸಿದರೆ ಒದಗುವ ಕೇಡು, ಇವನ್ನು ವೈದ್ಯನು ತಿಳಿಸಬೇಕು. ಬಹು ದೂರದ ಅಪಾಯಗಳನ್ನೆಲ್ಲ ಎಣಿಸಬೇಕಾಗಿಲ್ಲ, ಏಕೆಂದರೆ ರೋಗಿಯು ಬೆದರಿ ಅಗತ್ಯವಾದ ಚಿಕಿತ್ಸೆಯನ್ನೇ ಬೇಡವೆಂದಾನು, ಎಂಬುದು ಅದರ ತಾತ್ಪರ್ಯ. ಈ ಮಾತಿನಲ್ಲಿ ‘ಅಗತ್ಯವಾದ’ ಎಂಬ ಪದವನ್ನು ಗಮನಿಸಬೇಕು. ರೋಗವಿಲ್ಲದ ಮುಖಕ್ಕೆ ಚಿಕಿತ್ಸೆಯು ಅಗತ್ಯವೆಂಬ ಮಾತೇ ಹುಟ್ಟುವುದಿಲ್ಲ. ಬೇಡವೆಂದರೆ ಒದಗುವ ದೇಹದ ಕೇಡು ಯಾವುದು? ಯಾವುದೂ ಇಲ್ಲ. ಹೆದರಿ ಹಿಂದೆ ಸರಿದರೆ ಆಕೆಯ ಆರೋಗ್ಯಕ್ಕೆ ನಷ್ಟವೇನು? ಏನೂ ಇಲ್ಲ. ಆದುದರಿಂದ ಕರುಳುಬೇನೆಯವನಿಗೆ ಹೇಳದಿದ್ದರೂ ನಡೆಯುವ ಅಪರೂಪದ ಅಪಾಯವನ್ನು ಕೆನ್ನೆಯ ಅಂದಕ್ಕಾಗಿ ಬಂದವಳಿಗೆ ಹೇಳಲೇಬೇಕು. ಕಾನೂನಿನ ಮಾತು ಎಲ್ಲಿಯವರೆಗೆ ಹೋಗುವುದೋ ಹೋಗಲಿ, ಧರ್ಮದ ಮಾತು ಅಲ್ಲಿಯವರೆಗೆ ಹೋಗಲೇಬೇಕು. ಸಾವಿರಕ್ಕೊಬ್ಬರೆಂಬುದು ಹೇಳುವವನ ಲೆಕ್ಕ. ಆ ಒಬ್ಬಳಿಗೆ ಮುಖವು ಸಾವಿರದಲ್ಲೊಂದಲ್ಲ, ಇರುವುದೇ ಒಂದು.

ಆದರೂ ಒಂದು ಮಾತು ಉಳಿಯಿತು. ರೋಗದ ತಟ್ಟೆಯು ಬರಿದಾಗಿದ್ದರೆ ತಕ್ಕಡಿಯು ಆ ಕಡೆಗೆ ವಾಲುವುದೇಕೆ? ವಿವೇಕವುಳ್ಳ ಹುಡುಗಿಯೂ ಹುಡುಗನೂ ಅಪಾಯವನ್ನು ಬಲ್ಲರೂ ಒಪ್ಪುವುದೇಕೆ? ಅಲ್ಲಿ ಕಣ್ಣಿಗೆ ಕಾಣದ ಭಾರವೊಂದಿದೆ, ಅದು ಅವಮಾನ. ಆ ಭಾರವನ್ನು ತಟ್ಟೆಯಲ್ಲಿಟ್ಟವಳು ಆಕೆಯಲ್ಲ. ಅಂಗಳದಲ್ಲಿ ‘ಒಂದು ವಸಿ ಕಮ್ಮಿ’ ಎಂದ ಹೆಂಗಸು ಒಂದು ಕಲ್ಲನ್ನಿಟ್ಟಳು. ವಧುವಿನ ಜಾಹೀರಾತಿನಲ್ಲಿ ಗುಣಕ್ಕಿಂತ ಮೊದಲು ಬಣ್ಣವನ್ನು ಬರೆಸಿದ ತಂದೆಯು ಇನ್ನೊಂದನ್ನಿಟ್ಟನು. ಎಣ್ಣೆಗಪ್ಪಿನ ಕೂಸನ್ನು ಎತ್ತಿಕೊಂಡು ಅಕ್ಕನ ಬಣ್ಣ ಇದಕ್ಕೆ ಬರಲಿಲ್ಲವೆಂದು ಮುದ್ದಿನಲ್ಲಿಯೇ ನುಡಿದ ಅಜ್ಜಿಯೂ ಒಂದನ್ನಿಟ್ಟಳು. ಕಪ್ಪು ಮುಖಕ್ಕೆ ಕೆಲಸ ಸಿಗದು, ಬಿಳಿಯ ಮುಖಕ್ಕೆ ಸಿಕ್ಕೀತೆಂದು ವರ್ಷಗಟ್ಟಲೆ ತೋರಿಸಿದ ಜಾಹೀರಾತುಗಳು ಬಂಡೆಯನ್ನೇ ಉರುಳಿಸಿದವು. ಇವರೆಲ್ಲರೂ ಭಾರವನ್ನು ಹೇರಿ, ತಕ್ಕಡಿ ವಾಲಿದ ಮೇಲೆ ಆಕೆಯ ಕಡೆಗೆ ಬೆರಳು ತೋರಿ ವ್ಯಾಮೋಹಿಯೆಂದು ಹಳಿದರೆ ಅದು ಯಾವ ಧರ್ಮ?

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಎಲ್ಲವನ್ನೂ ಸಮಾಜದ ತಲೆಗೆ ಕಟ್ಟಿದರೆ ವ್ಯಕ್ತಿಯ ಹೊಣೆಗೆ ಸ್ಥಾನವೆಲ್ಲಿ? ಯಾರೂ ಏನೂ ಅನ್ನದಿದ್ದರೂ ತನ್ನ ಸಂತೋಷಕ್ಕಾಗಿಯೇ ಅಂದವನ್ನು ಬಯಸುವವರಿಲ್ಲವೇ? ಇದ್ದಾರೆ. ಅಂಥ ಬಯಕೆಯು ಪಾಪವೆಂದು ಹೇಳಬೇಕಾಗಿಲ್ಲ. ತಲೆ ಬಾಚಿ ಹೂ ಮುಡಿಯುವುದೂ ಶುಭ್ರವಾದ ಬಟ್ಟೆ ಉಡುವುದೂ ಅದೇ ಬಯಕೆಯ ಸೌಮ್ಯರೂಪಗಳು. ಆದರೆ ಸ್ವಂತ ಸಂತೋಷಕ್ಕೆ ಒಂದು ಲಕ್ಷಣವುಂಟು: ಅದು ಕಾಯಬಲ್ಲದು, ವಿಚಾರಿಸಬಲ್ಲದು, ಬೇಡವೆಂದು ಎದ್ದು ಬರಬಲ್ಲದು. ಬರುವ ತಿಂಗಳ ಮದುವೆಯೊಳಗೆ ಆಗಲೇಬೇಕು, ಅಪಾಯದ ಮಾತು ಬೇಡ, ಮನೆಯವರಿಗೆ ತಿಳಿಸಕೂಡದು, ಎಂಬ ತರಾತುರಿಯಿರುವಲ್ಲಿ ಸಂತೋಷವಿಲ್ಲ, ಭಯವಿದೆ. ಈ ಎರಡನ್ನೂ ತನ್ನೊಳಗೆ ಬೇರ್ಪಡಿಸಿ ನೋಡುವುದು ಮಾತ್ರ ಆ ವ್ಯಕ್ತಿಯದೇ ಹೊಣೆ. ಅದನ್ನು ಬೇರೆ ಯಾರೂ ಹೊರಲಾರರು.

ಅಕ್ಕಮಹಾದೇವಿಯ ಜೀವನವನ್ನು ಈ ಸಂದರ್ಭದಲ್ಲಿ ನೆನೆಯುವ ರೂಢಿಯಿದೆ. ಆಕೆಯು ರೂಪವನ್ನು ತೃಣವೆಂದು ಕಂಡಳು, ನೀನೂ ಹಾಗೆಯೇ ಕಾಣೆಂದು ಹುಡುಗಿಯರಿಗೆ ಬೋಧಿಸುವರು. ಬೋಧೆಯು ಅರ್ಧಸತ್ಯವಾದುದು. ಕೌಶಿಕನೆಂಬ ಅರಸನು ಆಕೆಯ ರೂಪವನ್ನು ಕಂಡು ತನ್ನದಾಗಿಸಿಕೊಳ್ಳಲು ಬಯಸಿದನೆಂದು ಕಾವ್ಯಗಳು ಹೇಳುತ್ತವೆ. ಆಕೆಯು ತೊರೆದುದು ರೂಪವನ್ನಷ್ಟೇ ಅಲ್ಲ. ರೂಪಕ್ಕೆ ಬೆಲೆ ಕಟ್ಟಿ ಒಡೆತನವನ್ನು ಸ್ಥಾಪಿಸುವ ಕಣ್ಣನ್ನು. ಆ ಕಥೆಯಲ್ಲಿ ಹುಡುಗಿಗೆ ಎಷ್ಟು ಪಾಠವಿದೆಯೋ ನೋಡಲು ಬಂದು ಕುಳಿತವರಿಗೆ ಅದಕ್ಕಿಂತ ಹೆಚ್ಚಿನ ಪಾಠವಿದೆ. ಎದುರಿನ ದೇಹದಲ್ಲಿ ಲಿಂಗವನ್ನು ಕಾಣಬೇಕಾದ ಕಣ್ಣು ಸುಳಿಯನ್ನೂ ಹಲ್ಲನ್ನೂ ಹುಡುಕುತ್ತಿದ್ದರೆ ಅದು ಇನ್ನೂ ಸಂತೆಯಲ್ಲಿಯೇ ಇದೆ.

ಹಾಗಾದರೆ ಗೃಹಸ್ಥನ ಕರ್ತವ್ಯವೇನು? ಮೊದಲನೆಯದಾಗಿ, ಮುಖದ ಚಿಕಿತ್ಸೆಯನ್ನು ಬಯಸುವ ಮಗಳನ್ನೋ ಮಗನನ್ನೋ ಗದರಿಸದೆ ಜೊತೆಗೆ ಕುಳಿತು ವಿಚಾರಿಸುವುದು. ಬಯಕೆಯ ಹಿಂದೆ ಮೊಡವೆ, ಬಂಗು ಮುಂತಾದ ನಿಜವಾದ ಬಾಧೆಯಿದ್ದರೆ ಅದಕ್ಕೆ ಚರ್ಮವೈದ್ಯರುಂಟು; ಅಂಥವರ ಬಳಿಗೆ ಕರೆದೊಯ್ಯಬೇಕು. ಚಾಮರಾಜನಗರದಲ್ಲಿಯೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಮೈಸೂರಿನ ದೊಡ್ಡ ಆಸ್ಪತ್ರೆಗಳೂ ದೂರವಲ್ಲ. ಎರಡನೆಯದಾಗಿ, ಸೂಜಿ ಹಿಡಿದವನನ್ನು ಪ್ರಶ್ನಿಸಲು ಸಂಕೋಚಪಡಬಾರದು. ಈತನು ವೈದ್ಯನೇ? ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾನೂನಿನಂತೆ ಸ್ಥಳವು ನೋಂದಣಿಯಾಗಿದೆಯೇ? ಚುಚ್ಚುವ ವಸ್ತು ಯಾವುದು? ಕೆಟ್ಟರೆ ತಿದ್ದುವ ಮದ್ದು ಇಲ್ಲಿಯೇ ಇದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಮುಖ ಸಿಂಡರಿಸುವವನ ಮುಂದೆ ಮುಖವನ್ನು ಒಡ್ಡಬಾರದು. ಮೂರನೆಯದಾಗಿ, ಕೇಡಾದ ಮೇಲೆ ಬಚ್ಚಿಡಬಾರದು. ಚರ್ಮವು ಬಿಳಿಚಿ ನೋಯುತ್ತಿದ್ದರೆ, ಕಣ್ಣು ಮಂಜಾದರೆ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಧಾವಿಸಬೇಕು. ಏನು ಮಾಡಿಸಿಕೊಂಡರೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸ್ಟೀರಾಯ್ಡಿನ ಅಭ್ಯಾಸವಾಗಿದ್ದರೆ ಬಿಡುವ ಕ್ರಮವನ್ನೂ ವೈದ್ಯರಿಂದಲೇ ಅರಿಯಬೇಕು.

ವೈದ್ಯನಿಗೂ ಕರ್ತವ್ಯವಿದೆ. ವೈದ್ಯ ಸಂಗಣ್ಣನೆಂಬ ಶರಣನು ವೈದ್ಯವೃತ್ತಿಯನ್ನು ಕಾಯಕವಾಗಿ ಮಾಡಿದವನು. ದೇಹದ ರೋಗದ ಮಾತಿನ ಮೂಲಕವೇ ಭವರೋಗದ ಮಾತನ್ನು ತಿಳಿಸಿದವನು. ಹಣಕ್ಕಾಗಿ ಇಲ್ಲದ ರೋಗವನ್ನು ಇದೆಯೆಂದು ನಂಬಿಸುವುದು ಕಾಯಕವಾಗಲಾರದು. ‘ನಿನ್ನ ಮುಖಕ್ಕೆ ಏನೂ ಬೇಕಿಲ್ಲ, ಮನೆಗೆ ಹೋಗು’ ಎಂದು ಹೇಳಿ ಬರುವ ಹಣವನ್ನು ಬಿಟ್ಟುಕೊಡುವ ವೈದ್ಯನು ಆ ಗಳಿಗೆಯಲ್ಲಿ ಮಾಡಿದುದು ದಾಸೋಹವೇ ಸರಿ.

ಕಡೆಯದೂ ಕಠಿಣವಾದುದೂ ಆದ ಕರ್ತವ್ಯವು ನೋಡುವವರದು. ಪಟ್ಟೆಗಳೆದ್ದ ಮುಖವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಆ ಹುಡುಗಿಯು ಎಂದಾದರೊಮ್ಮೆ ಮನೆಯಿಂದ ಹೊರಗೆ ಬಂದೇ ಬರುವಳು. ಜಾತ್ರೆಗೋ, ಮಠದ ಪ್ರಸಾದದ ಪಂಕ್ತಿಗೋ, ಊರ ಬಸ್ಸಿಗೋ. ಆಗ ಪಕ್ಕದಲ್ಲಿ ಕುಳಿತವರು ಏನಾಯಿತೆಂದು ಕೆದಕದೆ, ಅಯ್ಯೋ ಎಂದು ಮರುಗದೆ, ಮೊದಲು ಹೇಗೆ ಮಾತಾಡಿಸುತ್ತಿದ್ದರೋ ಹಾಗೆಯೇ ಮಾತಾಡಿಸಿ ಎಲೆಯ ಮುಂದೆ ಜಾಗ ಮಾಡಿಕೊಡಬೇಕು. ಅಮ್ಮಿದೇವಯ್ಯನು ಹಿಡಿದ ಕನ್ನಡಿಯನ್ನು ಈಗ ಹಿಡಿಯಬೇಕಾದವರು ಅವರು. ಹೊಗಳದೆ, ಹಳಿಯದೆ, ಹೋಲಿಸದೆ ಎದುರಿನ ಮುಖವನ್ನು ಅದಿರುವಂತೆ ಕಾಣುವ ಕಣ್ಣುಗಳು ಒಂದು ಊರಿನಲ್ಲಿ ಹೆಚ್ಚಿದಷ್ಟೂ ಆ ಊರಿನ ತಕ್ಕಡಿಯಿಂದ ಒಂದೊಂದು ಕಲ್ಲು ಇಳಿಯುತ್ತದೆ.